ಮಹಜರಿನಲ್ಲಿ ಹೆಸರಿಲ್ಲದ ಮರಗಳು

ರಸ್ತೆಗೋ, ಕಾರ್ಖಾನೆಗೋ ಭೂಮಿಯನ್ನು ಸ್ವಾಧೀನಪಡಿಸಿಕೊಳ್ಳುವಾಗ ಸಿದ್ಧವಾಗುವ ಮಹಜರಿನಲ್ಲಿ ಮರಗಳಿಗೆಂದೇ ಒಂದು ಪಟ್ಟಿ ಇರುತ್ತದೆ. ಮಾವು 3, ಹಲಸು 2, ಗೇರು 11, ಪುನರ್ಪುಳಿ 1. ಎದುರಿನ ಕಲಮುಗಳಲ್ಲಿ ಸುತ್ತಳತೆ, ಅಂದಾಜು ವಯಸ್ಸು, ಫಲ ಬರುತ್ತಿದೆಯೇ ಎಂಬ ವಿವರ, ಕೊನೆಯಲ್ಲಿ ರೂಪಾಯಿಯ ಲೆಕ್ಕ. ಕಂದಾಯ ಆಡಳಿತದಲ್ಲಿ ಮೂರು ದಶಕಗಳನ್ನು ಕಳೆದ ನನಗೆ ಈ ಪಟ್ಟಿಗಳು ಚಿರಪರಿಚಿತ. 2013ರ ಭೂಸ್ವಾಧೀನ ಕಾಯಿದೆಯ 29ನೆಯ ಸೆಕ್ಷನ್ ಮರಗಿಡಗಳ ಮೌಲ್ಯವನ್ನು ಕೃಷಿ, ಅರಣ್ಯ, ತೋಟಗಾರಿಕೆಗಳಲ್ಲಿ ಅನುಭವವುಳ್ಳವರ ನೆರವಿನಿಂದ ನಿರ್ಧರಿಸಲು ಅವಕಾಶ ಕಲ್ಪಿಸಿದೆ. ಲೆಕ್ಕ ಪ್ರಾಮಾಣಿಕವಾಗಿಯೇ ನಡೆಯಬಹುದು. ಆದರೆ ಯಾವ ಮಾವು, ಯಾವ ಹಲಸು ಎಂಬ ಪ್ರಶ್ನೆಯನ್ನು ಆ ನಮೂನೆ ಕೇಳುವುದಿಲ್ಲ. ಕೇಳದಿರುವುದರಿಂದ ಏನು ಕಳೆದುಹೋಗುತ್ತಿದೆ ಎಂಬುದೇ ಈ ಲೇಖನದ ವಿಷಯ.

ರಬ್ಬರಿನ ಮಟ್ಟಿಗೆ ಈ ಪ್ರಶ್ನೆಗೆ ಅಷ್ಟೊಂದು ಮಹತ್ವವಿಲ್ಲ. ಕಾರ್ಕಳದ ಆಚೆಯ ಗುಡ್ಡಗಳಲ್ಲಿ ಸಾಲುಹಿಡಿದು ನಿಂತಿರುವ ರಬ್ಬರ್ ಗಿಡಗಳು ಕಣ್ಣುಕಸಿಯಿಂದ ಬಂದವು, ಕೆಲವೇ ತಾಯಿಮರಗಳ ತದ್ರೂಪುಗಳು. ಒಂದು ಹೋದರೆ ಅದರ ಸ್ಥಾನಕ್ಕೆ ಅಂಥದೇ ಇನ್ನೊಂದನ್ನು ತಂದು ನೆಡಬಹುದು. ಬೀಜದಿಂದ ಹುಟ್ಟಿದ ಹಲಸು ಹಾಗಲ್ಲ. ಹಲಸಿನ ಮರದಲ್ಲಿ ಗಂಡು ಹೂಗೊಂಚಲು ಬೇರೆ, ಹೆಣ್ಣು ಹೂಗೊಂಚಲು ಬೇರೆ. ಬಹುಮಟ್ಟಿಗೆ ಪರಾಗ ಬರುವುದು ಇನ್ನಾವುದೋ ಮರದಿಂದ. ಆದಕಾರಣ ಒಂದೇ ಹಣ್ಣಿನೊಳಗಿನ ನೂರು ಬೀಜಗಳನ್ನು ಬಿತ್ತಿದರೆ ನೂರು ಬಗೆಯ ಮರಗಳು ಹುಟ್ಟುತ್ತವೆ. ಒಂದರ ತೊಳೆ ಗಟ್ಟಿ, ಇನ್ನೊಂದರದು ಲೋಳೆ. ಒಂದು ಫೆಬ್ರವರಿಯಲ್ಲೇ ಕಾಯಿ ಬಿಟ್ಟರೆ ಮತ್ತೊಂದು ಜುಲೈ ಮಳೆಯವರೆಗೆ ಕಾಯಿಸುತ್ತದೆ. ಬಕ್ಕೆ ಮತ್ತು ತುಳುವೆ ಎಂಬ ನಮ್ಮ ಎರಡು ಹೆಸರುಗಳು ಈ ವೈವಿಧ್ಯದ ಸ್ಥೂಲ ವಿಭಜನೆ ಮಾತ್ರ. ವಿಜ್ಞಾನದ ಭಾಷೆಯಲ್ಲಿ ಹೇಳುವುದಾದರೆ ಪ್ರತಿಯೊಂದು ಬೀಜದ ಹಲಸೂ ಜಗತ್ತಿನಲ್ಲಿ ಒಂದೇ ಒಂದು ಪ್ರತಿಯಿರುವ ವಂಶವಾಹಿ ವಿನ್ಯಾಸ. ಕಸಿಯ ಮೂಲಕ ನಕಲು ಮಾಡಿಟ್ಟುಕೊಳ್ಳದೆ ಆ ಮರವನ್ನು ಕಡಿದರೆ ಅದು ಮರಳಿ ಬರುವುದಿಲ್ಲ. ಅದರ ಬೀಜ ಬಿತ್ತಿದರೂ ಬರುವುದಿಲ್ಲ.

ಇದಕ್ಕೆ ವಿರುದ್ಧವಾದ ಉದಾಹರಣೆಯೂ ನಮ್ಮ ಹಿತ್ತಲಿನಲ್ಲೇ ಇದೆ. ಹಲಸಿನ ಸಮೀಪದ ಬಂಧುವಾದ ಜೀಗುಜ್ಜೆಯನ್ನು ನಾವು ಬೆಳೆಸುವುದು ಬೇರಿನಿಂದೆದ್ದ ಸಸಿಗಳಿಂದ. ಅದಕ್ಕೆ ಬೀಜವೇ ಇಲ್ಲ. ಪೆಸಿಫಿಕ್ ದ್ವೀಪಗಳ ಈ ಮರವನ್ನು ವೆಸ್ಟ್ ಇಂಡೀಸಿಗೆ ಸಾಗಿಸಲು ಹೊರಟ ಬೌಂಟಿ ಹಡಗಿನಲ್ಲಿ 1789ರಲ್ಲಿ ದಂಗೆಯೆದ್ದ ಕಥೆ ಅನೇಕರಿಗೆ ಗೊತ್ತಿರಬಹುದು. ಅದು ನಮ್ಮ ಕರಾವಳಿಗೆ ಬಂದು ಪೋಡಿಗೂ ಪಲ್ಯಕ್ಕೂ ಅನಿವಾರ್ಯವಾಯಿತು. ನೆರೆಮನೆಯ ಜೀಗುಜ್ಜೆ ಸತ್ತರೆ ನಮ್ಮ ಮನೆಯ ಬೇರುಸಸಿಯನ್ನು ಕೊಡಬಹುದು, ರುಚಿಯಲ್ಲಿ ವ್ಯತ್ಯಾಸವಾಗದು. ಇದು ಅನುಕೂಲ. ತದ್ರೂಪಿಗಳಿಗೆ ರೋಗ ಬಂದರೆ ಎಲ್ಲಕ್ಕೂ ಒಟ್ಟಿಗೆ ಬರುತ್ತದೆ ಎಂಬುದು ಅನನುಕೂಲ. ಕಳೆದ ಶತಮಾನದ ಮಧ್ಯಭಾಗದಲ್ಲಿ ಗ್ರೋಸ್ ಮಿಷೆಲ್ ಎಂಬ ಬಾಳೆಯ ಏಕತಳಿ ತೋಟಗಳು ಪನಾಮಾ ರೋಗಕ್ಕೆ ಸಿಕ್ಕಿ ರಫ್ತು ವ್ಯಾಪಾರದಿಂದಲೇ ಮರೆಯಾದವು. ಅದರ ಸ್ಥಾನಕ್ಕೆ ಬಂದ ಕ್ಯಾವೆಂಡಿಷ್ ಬಾಳೆಗೂ ಈಗ ಅದೇ ರೋಗದ ಹೊಸ ರೂಪ ಅಂಟಿದೆ.

ಮಾವಿನ ವಿಷಯ ಇನ್ನೂ ಸ್ವಾರಸ್ಯಕರ. ದಶೇರಿ, ಲಂಗ್ಡಾ, ಆಲ್ಫಾನ್ಸೊ ಮೊದಲಾದ ಭಾರತದ ಬಹುತೇಕ ಮಾವುಗಳ ಗೊರಟಿನಲ್ಲಿ ಒಂದೇ ಭ್ರೂಣವಿರುತ್ತದೆ, ಸಸಿ ತಾಯಿಯನ್ನು ಹೋಲಬೇಕೆಂದಿಲ್ಲ. ಆದರೆ ಗೋವಾದಿಂದ ಕೇರಳದವರೆಗಿನ ಪಶ್ಚಿಮ ಕರಾವಳಿಯಲ್ಲಿ ಒಂದು ಗೊರಟಿನಿಂದ ಮೂರು ನಾಲ್ಕು ಮೊಳಕೆ ಬರುವ ಮಾವುಗಳಿವೆ. ಓಲೂರ್, ಬಪ್ಪಕಾಯಿ, ನೆಕ್ಕರೆ, ಚಂದ್ರಕಾರನ್, ಕುರುಕ್ಕನ್ ಈ ಗುಂಪಿನವು. ಆ ಮೊಳಕೆಗಳಲ್ಲಿ ಹೆಚ್ಚಿನವು ತಾಯಿಯ ಅಂಗಾಂಶದಿಂದಲೇ ಹುಟ್ಟುವುದರಿಂದ ಸಸಿಗಳು ತಾಯಿಯ ಪ್ರತಿರೂಪಗಳಾಗುತ್ತವೆ. ಕಸಿ ಕಟ್ಟುವ ಕೆಲಸವನ್ನು ಗೊರಟೇ ಮಾಡಿ ಮುಗಿಸಿರುತ್ತದೆ. ಒಂದೇ ಬಗೆಯ ಬುಡಸಸಿಗಳನ್ನು ಪಡೆಯಲು ತೋಟಗಾರಿಕಾ ವಿಜ್ಞಾನಿಗಳು ಇವುಗಳ ಮೊರೆಹೊಕ್ಕಿದ್ದಾರೆ. ಓಲೂರ್, ಬಪ್ಪಕಾಯಿಯಂಥವು ಮಣ್ಣಿನ ಉಪ್ಪನ್ನು ಇತರ ಮಾವುಗಳಿಗಿಂತ ಹೆಚ್ಚು ಸಹಿಸುತ್ತವೆ ಎಂಬುದೂ ಪ್ರಯೋಗಗಳಲ್ಲಿ ಕಂಡುಬಂದಿದೆ. ಸಮುದ್ರದ ಉಪ್ಪುಗಾಳಿಯಲ್ಲಿ ಶತಮಾನಗಳ ಕಾಲ ಬದುಕಿದ ಮರಗಳ ಸಂತತಿಗೆ ಈ ಗುಣ ಇರುವುದು ಆಶ್ಚರ್ಯವಲ್ಲ.

ಕಾಪುವಿನಿಂದ ಕಾರ್ಕಳದವರೆಗೆ ಹೋದರೆ ಮೂವತ್ತು-ನಲವತ್ತು ಕಿಲೋಮೀಟರ್ ಆಗಬಹುದು. ಇಷ್ಟು ಚಿಕ್ಕ ಅಂತರದಲ್ಲಿ ಮಣ್ಣು ಮೂರು ಸಲ ಬದಲಾಗುತ್ತದೆ. 1901ರ ದೀಪಸ್ತಂಭವಿರುವ ಕಾಪುವಿನ ಕಡಲತೀರದಲ್ಲಿ ಮರಳು. ಅಲ್ಲಿಂದ ಒಳಕ್ಕೆ ಮಣಿಪಾಲದಂಥ ಮುರಕಲ್ಲಿನ ಗುಡ್ಡಗಳು. ಕಾರ್ಕಳದಲ್ಲಿ ಬಂಡೆ, ಅದರಾಚೆ ಮಾಳ, ಬಜಗೋಳಿಗಳ ಕಡೆ ಕುದುರೆಮುಖ ಶ್ರೇಣಿಯ ತಪ್ಪಲಿನ ಕಾಡು. ಕಡಲತೀರದ ಮಾವು ಉಪ್ಪಿಗೆ ಒಗ್ಗಿದ್ದು, ಮುರಕಲ್ಲಿನ ಮಾವು ಏಪ್ರಿಲ್‌ನ ಒಣಗಿಗೆ ಒಗ್ಗಿದ್ದು, ತಪ್ಪಲಿನ ಮಾವು ನಾಲ್ಕು ತಿಂಗಳ ಧಾರಾಕಾರ ಮಳೆಗೆ ಒಗ್ಗಿದ್ದು. ತಪ್ಪಲಿಗೆ ಹೋದಂತೆ ಕಾಡಿನ ಬಂಧುಗಳೂ ಸಿಗುತ್ತವೆ. ಪಶ್ಚಿಮ ಘಟ್ಟಕ್ಕೆ ವಿಶಿಷ್ಟವಾದ ಹೆಬ್ಬಲಸು, ತುಳುವಿನಲ್ಲಿ ಪೆಜ, ಅಂಗೈಯಗಲದ ಮುಳ್ಳುಹಣ್ಣು. ದೋಣಿಗೂ ಬಾಗಿಲಿಗೂ ಮರ ಕೊಡುವ ಅದರ ಬೀಜವನ್ನು ಹುರಿದು ತಿಂದ ನೆನಪು ನನ್ನ ವಯಸ್ಸಿನವರಿಗೆಲ್ಲ ಇದ್ದೀತು. ಪುನರ್ಪುಳಿ, ಉಪ್ಪಾಗೆ, ಹಲವು ಬಗೆಯ ನೇರಳೆಗಳೂ ಇವೆ. ಪುನರ್ಪುಳಿಯಲ್ಲಿ ಗಂಡು ಮರ ಬೇರೆ, ಹೆಣ್ಣು ಮರ ಬೇರೆ. ಹಣ್ಣು ಬಿಡದ ಗಂಡು ಮರವನ್ನು ಕಡಿದು ಒಲೆಗೆ ಹಾಕುವುದು ರೂಢಿ. ಮುಂದಿನ ಪೀಳಿಗೆಯ ಅರ್ಧದಷ್ಟು ಆಸ್ತಿ ಅದರಲ್ಲಿದೆ ಎಂಬುದು ನೆನಪಾಗುವುದಿಲ್ಲ.

ಇಷ್ಟು ವೈವಿಧ್ಯ ಇಲ್ಲಿ ಉಳಿದುಬಂದದ್ದು ಹೇಗೆ? ಪ್ರಕೃತಿಯ ಕೃಪೆ ಎಂದು ಹೇಳಿ ಕೈತೊಳೆದುಕೊಳ್ಳುವುದು ಸುಲಭ. ನನ್ನ ಅಭಿಪ್ರಾಯದಲ್ಲಿ ಇದಕ್ಕೆ ಎರಡು ಸಂಸ್ಥೆಗಳು ಕಾರಣ. ಒಂದು, ಹಳೆಯ ದಕ್ಷಿಣ ಕನ್ನಡದ ಕುಮ್ಕಿ ಪದ್ಧತಿ. ಇನ್ನೊಂದು, ನಮ್ಮ ಅಡುಗೆಮನೆ.

ಕದೀಂ ವರ್ಗದ ಸಾಗುವಳಿ ಜಮೀನಿನ ಗಡಿಯಿಂದ 100 ಗಜದೊಳಗಿನ ಸರಕಾರಿ ಭೂಮಿಯಿಂದ ಸೊಪ್ಪು, ಸೌದೆ, ಮರಮಟ್ಟು ಪಡೆಯುವ ಸವಲತ್ತನ್ನು ಸಾಗುವಳಿದಾರನಿಗೆ ಕೊಟ್ಟಿರುವುದೇ ಕುಮ್ಕಿ. ಬ್ರಿಟಿಷರ ಕಾಲದಿಂದ ಬಂದ ಈ ಸವಲತ್ತನ್ನು 1964ರ ಕರ್ನಾಟಕ ಭೂಕಂದಾಯ ಕಾಯಿದೆಯ 79ನೆಯ ಸೆಕ್ಷನ್ ಮುಂದುವರಿಸಿತು. ಒಡೆತನ ಸರಕಾರದ್ದು, ಅನುಭೋಗ ರೈತನದು. ಅಲ್ಲಿ ಯಾರೂ ವ್ಯವಸ್ಥಿತವಾಗಿ ತೋಟ ಮಾಡಲಿಲ್ಲ, ಯಾರೂ ಪೂರ್ತಿಯಾಗಿ ಬೋಳಿಸಲೂ ಇಲ್ಲ. ಬಾವಲಿಯೋ ಕಾಡುಬೆಕ್ಕೋ ಚೀಪಿ ಎಸೆದ ಗೊರಟು ಹುಟ್ಟಿತು. ಹಣ್ಣು ಚೆನ್ನಾಗಿದ್ದರೆ ಮರವನ್ನು ಉಳಿಸಿಕೊಂಡರು, ಇಲ್ಲದಿದ್ದರೆ ಕಡಿದರು. ಕಾಡು ಮತ್ತು ತೋಟಗಳ ನಡುವಿನ ಈ ಪಟ್ಟಿಯಲ್ಲಿ ಹೊಸ ತಳಿಗಳು ಹುಟ್ಟುತ್ತಲೂ ಆಯ್ಕೆಯಾಗುತ್ತಲೂ ಇದ್ದವು. ಸರಕಾರ ಇದನ್ನು ತಳಿಸಂಗ್ರಹಾಲಯವೆಂದು ಎಣಿಸಿರಲಿಲ್ಲ. ಆದರೂ ಅದು ಹಾಗೆ ಕೆಲಸ ಮಾಡಿತು, ಅದೂ ಬಜೆಟ್ಟಿಲ್ಲದೆ. ನಾಗಬನಗಳದ್ದೂ ಇಂಥದೇ ಪಾತ್ರ. ಮಾವು, ರೆಂಜೆ, ಸುರಗಿ ಹೆಣೆದುಕೊಂಡ ಬನದಲ್ಲಿ ಕತ್ತಿ ಆಡಿಸಲು ಜನ ಹೆದರುತ್ತಿದ್ದರು. ಈಗ ಎಷ್ಟೋ ಬನಗಳು ಭಕ್ತಿಯ ಹೆಸರಿನಲ್ಲೇ ಕಾಂಕ್ರೀಟ್ ಕಟ್ಟೆಗಳಾಗಿವೆ, ಸುತ್ತ ಹಾಸುಗಲ್ಲು, ಮೇಲೆ ಬಣ್ಣ. ನಾಗನಿಗೆ ಯಾವುದು ಪ್ರಿಯವೋ ತಿಳಿಯದು.

1974ರ ಭೂಸುಧಾರಣೆ ಈ ಜಿಲ್ಲೆಯ ಗೇಣಿದಾರರನ್ನು ಒಡೆಯರನ್ನಾಗಿಸಿತು. ಅದು ನ್ಯಾಯವಾದ ಕ್ರಮ, ಅದರ ಬಗ್ಗೆ ನನಗೆ ಎರಡು ಮಾತಿಲ್ಲ. ಆದರೆ ಭೂಮಿಯ ಬೆಲೆ ಏರಿ, ಅಡಿಕೆ, ರಬ್ಬರುಗಳ ಆದಾಯ ಹೆಚ್ಚಿದಂತೆ ಕುಮ್ಕಿಯೂ ತೋಟವಾಯಿತು, ಮನೆ ನಿವೇಶನವಾಯಿತು. ಹುಳಿಮಾವಿನ ಮರ ನಿಂತ ನೆಲದ ಪ್ರತಿ ಸೆಂಟ್ಸಿಗೂ ಬೇರೆ ಉಪಯೋಗ ಹುಟ್ಟಿತು. ಅರ್ಥಶಾಸ್ತ್ರದಲ್ಲಿ ಇದನ್ನು ಅವಕಾಶ ವೆಚ್ಚ ಎನ್ನುತ್ತೇವೆ. ಆ ಮರವನ್ನು ಉಳಿಸಿಕೊಳ್ಳುವ ವೆಚ್ಚ ಒಬ್ಬನದು, ಉಳಿದುದರ ಪ್ರಯೋಜನ ಮುಂದೆಂದೋ ಎಲ್ಲರದು. ಹೀಗಿರುವಾಗ ಮರದ ಮಾಲೀಕ ಅದನ್ನು ಕಡಿದರೆ ಅವನನ್ನು ಹಳಿಯುವುದರಲ್ಲಿ ಅರ್ಥವಿಲ್ಲ. ಅರುವತ್ತು ಎಪ್ಪತ್ತು ವರ್ಷದ ಹಲಸಿನ ಮರ ಬಾಗಿಲು ದಾರಂದಕ್ಕೆ ಬೇಕು, ಯಕ್ಷಗಾನದ ಮದ್ದಳೆಯ ಕಳಸಿಗೆಗೆ ಬೇಕು. ಮರದ ವ್ಯಾಪಾರಿ ಒಂದೇ ದಿನದಲ್ಲಿ ಎಣಿಸಿಕೊಡುವ ಹಣ ಆ ಮರದ ಹಣ್ಣಿನಿಂದ ಹತ್ತು ವರ್ಷದಲ್ಲೂ ಬರಲಾರದು.

ಅಡುಗೆಮನೆಯ ವಿಚಾರಕ್ಕೆ ಬರೋಣ. ಕಾರ್ಕಳದ ಸಮೀಪದ ನಮ್ಮ ಹಿರಿಯರ ಮನೆಯಲ್ಲಿ ಏಳೆಂಟು ಹಲಸಿನ ಮರಗಳಿದ್ದವು. ಅವುಗಳಿಗೆ ತಳಿಯ ಹೆಸರಿರಲಿಲ್ಲ, ಉದ್ಯೋಗದ ಹೆಸರಿತ್ತು. ಹಪ್ಪಳದ ಮರ, ಉಪ್ಪಿಗೆ ಹಾಕುವ ಮರ, ಗಟ್ಟಿಯ ಮರ, ಮಕ್ಕಳಿಗೆ ಬಿಟ್ಟ ಮರ. ಹಪ್ಪಳಕ್ಕೆ ಚೆನ್ನಾಗಿ ಬಲಿತರೂ ಹಣ್ಣಾಗದ ಬಕ್ಕೆ ಬೇಕು, ಅದರಲ್ಲೂ ಹಿಟ್ಟು ಹೆಚ್ಚಿರುವುದು. ಮುಳ್ಕಕ್ಕೆ, ಎಲೆಗಟ್ಟಿಗೆ ರಸ ಬಿಡುವ ತುಳುವೆಯೇ ಆಗಬೇಕು. ಆಟಿ ತಿಂಗಳಿಗೆಂದು ಉಪ್ಪುನೀರಿನಲ್ಲಿ ಹಾಕಿಡುವ ತೊಳೆ ಮೂರು ತಿಂಗಳಾದರೂ ಕರಗಬಾರದು. ಅದಕ್ಕೆ ಒಗ್ಗುವ ಮರ ಒಂದೇ ಇತ್ತು. ಗುಜ್ಜೆಯ ಪಲ್ಯಕ್ಕೆ ನಾರಿಲ್ಲದ್ದು. ಮಾವಿನಲ್ಲಿಯೂ ಇದೇ ಕ್ರಮ. ಮಿಡಿ ಉಪ್ಪಿನಕಾಯಿಗೆ ಸೊನೆಯ ಪರಿಮಳವುಳ್ಳ ಮರ, ಸಾಸಿವೆಗೂ ಗೊಜ್ಜಿಗೂ ನಾರು ಹೆಚ್ಚಿದ್ದು ಹುಳಿಸಿಹಿ ಬೆರೆತ ಕಾಟುಮಾವು, ಮಾಂಬಳಕ್ಕೆ ಇನ್ನೊಂದು. ಈ ಜ್ಞಾನವೆಲ್ಲ ಹೆಂಗಸರ ನಾಲಗೆಯಲ್ಲಿತ್ತು. ಯಾವ ಸಸ್ಯಶಾಸ್ತ್ರಜ್ಞನಿಗಿಂತಲೂ ಕಟ್ಟುನಿಟ್ಟಾದ ಪರೀಕ್ಷೆ ಅವರದು, ಏಕೆಂದರೆ ತಪ್ಪಿದರೆ ಒಂದು ಭರಣಿ ಉಪ್ಪಿನಕಾಯಿ ಹಾಳಾಗುತ್ತಿತ್ತು.

ಬೇಡಿಕೆ ಹೀಗೆ ಭಿನ್ನಭಿನ್ನವಾಗಿದ್ದುದರಿಂದಲೇ ಪೂರೈಕೆಯೂ ಭಿನ್ನವಾಗಿ ಉಳಿಯಿತು. ಹಪ್ಪಳ ಅಂಗಡಿಯಿಂದ ಬರತೊಡಗಿದ ದಿನ ಹಪ್ಪಳದ ಮರ ನಿರುದ್ಯೋಗಿಯಾಯಿತು. ಮರ ಹತ್ತುವವರು ಸಿಗದೆ ಮಿಡಿಯ ಮರದ್ದೂ ಅದೇ ಪಾಡು. ಕೆಲಸವಿಲ್ಲದ ಮರ ಮೊದಲು ಕಸವಾಗುತ್ತದೆ, ಆಮೇಲೆ ಅಪಾಯವಾಗುತ್ತದೆ. ನಾನಿರುವ ಮಣಿಪಾಲದಲ್ಲಿ ವಸತಿ ಸಮುಚ್ಚಯಗಳ ನಡುವೆ ಅಲ್ಲಲ್ಲಿ ಉಳಿದಿರುವ ಕಾಟುಮಾವಿನ ಮರಗಳ ಬಗ್ಗೆ ಬರುವ ದೂರು ಒಂದೇ: ಹಣ್ಣು ಕಾರುಗಳ ಮೇಲೆ ಬೀಳುತ್ತದೆ. ಅದೇ ಕಾಟುಮಾವಿನಹಣ್ಣು ಮೇ ತಿಂಗಳಲ್ಲಿ ಉಡುಪಿಯ ರಥಬೀದಿಯ ಆಸುಪಾಸಿನಲ್ಲಿ ಬುಟ್ಟಿಯಲ್ಲಿ ಬಂದಾಗ ಕೊಳ್ಳಲು ನೂಕುನುಗ್ಗಲು. ನೆಲಕ್ಕೆ ಬಿದ್ದದ್ದನ್ನು ಹೆಕ್ಕಿ ಮಾರುಕಟ್ಟೆಗೆ ಮುಟ್ಟಿಸುವ ಕೈಗಳು ಇಲ್ಲವಷ್ಟೆ.

ಹಾಗಾದರೆ ಸರಕಾರವೂ ವಿಜ್ಞಾನವೂ ಏನು ಮಾಡಿವೆ? ಇಲ್ಲಿಯೂ ಲೆಕ್ಕಾಚಾರವೇ ದಾರಿ ತೋರಿಸಿದೆ. 16ನೆಯ ಶತಮಾನದಲ್ಲಿ ಪೋರ್ಚುಗೀಸರು ಬ್ರೆಜಿಲಿನಿಂದ ತಂದ ಗೇರು ವಿದೇಶಿ ವಿನಿಮಯ ಗಳಿಸಿಕೊಡುವ ಬೆಳೆಯಾಯಿತು. ಕಾರ್ಕಳದಲ್ಲಿ ಅದರ ಸಂಸ್ಕರಣೆ ಒಂದು ಉದ್ಯಮವಾಗಿಯೇ ಬೆಳೆದಿದೆ. ಆದಕಾರಣ 1978ರಲ್ಲಿ ಗೇರು ಅಭಿವೃದ್ಧಿ ನಿಗಮ ಬಂದಿತು, 1986ರಲ್ಲಿ ಪುತ್ತೂರಿನಲ್ಲಿ ರಾಷ್ಟ್ರೀಯ ಗೇರು ಸಂಶೋಧನಾ ಕೇಂದ್ರ ಬಂದಿತು, ಅಲ್ಲಿ ದೇಶದ ನಾನಾ ಕಡೆಯ ಗೇರು ತಳಿಗಳನ್ನು ನೆಟ್ಟು ಕಾಪಾಡುವ ತೋಟವಿದೆ. ಹೊರಗಿನಿಂದ ಬಂದ ಗೇರಿಗೆ ಇಷ್ಟು ವ್ಯವಸ್ಥೆಯಿದ್ದು, ಈ ನೆಲದಲ್ಲೇ ಹುಟ್ಟಿದ್ದೆಂದು ನಂಬಲಾದ ಹಲಸಿಗೆ ಬಹುಕಾಲ ಏನೂ ಇರಲಿಲ್ಲ. ಹಲಸು ಮಾರುಕಟ್ಟೆಯ ಸರಕಾಗಿರಲಿಲ್ಲ. ಕೇಳಿದವರಿಗೆ ಕೊಡುವ ವಸ್ತುವಾಗಿತ್ತು. ಹಲಸಿನ ಬಗೆಗಿನ ಈ ಉದಾಸೀನವನ್ನು ಪ್ರಶ್ನಿಸಿ ವರ್ಷಗಟ್ಟಲೆ ಬರೆದವರಲ್ಲಿ ‘ಅಡಿಕೆ ಪತ್ರಿಕೆ’ಯ ಶ್ರೀ ಪಡ್ರೆಯವರು ಮುಖ್ಯರು. ನೆರೆಯ ಕೇರಳ 2018ರಲ್ಲಿ ಹಲಸನ್ನು ರಾಜ್ಯದ ಹಣ್ಣೆಂದು ಘೋಷಿಸಿತು.

ಒಂದು ಮರ ಏನು ಮಾಡಬಲ್ಲದು ಎಂಬುದಕ್ಕೆ ತುಮಕೂರು ಜಿಲ್ಲೆಯ ಚೇಳೂರಿನ ಸಿದ್ದು ಹಲಸು ಸಾಕ್ಷಿ. ರೈತನೊಬ್ಬ ನೆಟ್ಟ ಬೀಜದ ಮರ. ಹಣ್ಣು ಸುಮಾರು ಎರಡೂವರೆ ಕಿಲೋ, ಸಣ್ಣ ಸಂಸಾರಕ್ಕೆ ಸಾಕು, ತೊಳೆ ತಾಮ್ರಗೆಂಪು, ಲೈಕೊಪೀನ್ ಎಂಬ ಪೋಷಕಾಂಶದಿಂದ ಸಮೃದ್ಧ. ಬೆಂಗಳೂರಿನ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆ 2017ರಲ್ಲಿ ಆ ಕುಟುಂಬದೊಡನೆ ಒಪ್ಪಂದ ಮಾಡಿಕೊಂಡು ಕಸಿಗಿಡಗಳ ಮಾರಾಟದ ಲಾಭ ಕುಟುಂಬಕ್ಕೂ ಸಲ್ಲುವಂತೆ ಮಾಡಿತು. ಇದು ಶ್ಲಾಘನೀಯ. ಆದರೆ ಆ ಮರವನ್ನು ಯಾರೋ ಗುರುತಿಸುವವರೆಗೆ ಅದೂ ‘ಹಲಸು 1’ ಆಗಿತ್ತು. ಯಾವುದಾದರೂ ರಸ್ತೆಯ ಅಂಚಿನಲ್ಲಿ ನಿಂತಿದ್ದರೆ ಅದರ ಮೌಲ್ಯ ನಾಟಾದ ಘನ ಅಳತೆಯಲ್ಲಿ ಮುಗಿದುಹೋಗುತ್ತಿತ್ತು. ಉತ್ತರ ಕನ್ನಡ, ಶಿವಮೊಗ್ಗಗಳ ಜನ ಅಪ್ಪೆಮಿಡಿಯ ವಿಷಯದಲ್ಲಿ ನಮಗಿಂತ ಜಾಣರು. ಹೊಳೆದಂಡೆಯ ಒಂದೊಂದು ಮರವನ್ನೂ ಹೆಸರಿಟ್ಟು ಕರೆದರು. ಅನಂತಭಟ್ಟನ ಅಪ್ಪೆ ಎಂಬುದು ಒಂದು ಮರದ ಹೆಸರಾಗಿದ್ದು, ಕಸಿಯಿಂದ ತಳಿಯ ಹೆಸರಾಯಿತು. 2009ರಲ್ಲಿ ಅಪ್ಪೆಮಿಡಿಗೆ ಭೌಗೋಳಿಕ ಸೂಚ್ಯಂಕ ದೊರೆಯಿತು. ಅದೇ ಸುಮಾರಿಗೆ ಭಾರತ, ಇಂಡೋನೇಷ್ಯಾ, ಮಲೇಷ್ಯಾ, ಥಾಯ್ಲೆಂಡ್‌ಗಳಲ್ಲಿ ಉಷ್ಣವಲಯದ ಹಣ್ಣಿನ ಮರಗಳ ಕಾಡು ಮತ್ತು ನಾಡು ತಳಿಗಳ ರಕ್ಷಣೆಗೆಂದು ನಡೆದ ಅಂತಾರಾಷ್ಟ್ರೀಯ ಯೋಜನೆಗೆ ಶಿರಸಿಯೂ ಒಂದು ತಾಣವಾಗಿ ಆಯ್ಕೆಯಾಯಿತು. ಹೆಸರಿದ್ದುದಕ್ಕೆ ಹಣ ಬಂದಿತು.

ನಮ್ಮಲ್ಲಿ ಹೆಸರು ಪಡೆದವು ಇಲ್ಲವೆಂದಲ್ಲ. ಶಂಕರಪುರದ ಮಲ್ಲಿಗೆ 2008ರಲ್ಲಿ ಉಡುಪಿ ಮಲ್ಲಿಗೆಯಾಗಿ, ಮಟ್ಟುವಿನ ಗುಳ್ಳ 2011ರಲ್ಲಿ, ಸೂಚ್ಯಂಕ ಪಡೆದವು. ವಾದಿರಾಜರು ಕೊಟ್ಟ ಬೀಜವೆಂದು ನಂಬಲಾಗುವ ಆ ದುಂಡುಬದನೆ ಹಣ್ಣಿನ ಮರವಲ್ಲವಾದರೂ ಅದರ ಚರಿತ್ರೆ ಇಲ್ಲಿ ಪ್ರಸ್ತುತ. ಕುಲಾಂತರಿ ಬದನೆಗೆ ಕೇಂದ್ರ ಪರಿಸರ ಸಚಿವ ಜೈರಾಂ ರಮೇಶ್ 2010ರ ಫೆಬ್ರವರಿಯಲ್ಲಿ ತಡೆಯೊಡ್ಡಿದ ದಿನಗಳಲ್ಲಿ, ಉಡುಪಿಯ ಗುಳ್ಳವೂ ಸೇರಿ ರಾಜ್ಯದ ಆರು ಸ್ಥಳೀಯ ಬದನೆಗಳನ್ನು ಜೀವವೈವಿಧ್ಯ ಪ್ರಾಧಿಕಾರದ ಅನುಮತಿಯಿಲ್ಲದೆ ಆ ಸಂಶೋಧನೆಗೆ ಬಳಸಲಾಗಿದೆ ಎಂಬ ದೂರು ಎದ್ದಿತು, 2012ರಲ್ಲಿ ನ್ಯಾಯಾಲಯದ ಮೆಟ್ಟಿಲನ್ನೂ ಏರಿತು. ಆ ದೂರಿನ ಸರಿತಪ್ಪು ಇಲ್ಲಿ ಬೇಡ. ಗುಳ್ಳಕ್ಕೆ ಒಂದು ಹೆಸರು, ಒಂದು ಊರು ಇದ್ದುದರಿಂದ ಅದರ ಪರವಾಗಿ ಕೇಳುವವರು ಹುಟ್ಟಿದರು ಎಂಬುದಷ್ಟೇ ನಾನು ಗಮನಿಸಬಯಸುವ ಅಂಶ. ಮೂಳೂರಿನ ಮರಳಿನಲ್ಲಿ ಬೆಳೆದ ಹೆಸರಿಲ್ಲದ ಮಾವಿನ ಪರವಾಗಿ ಯಾರು ಕೇಳಬೇಕು?

ಉತ್ತರ ಕಾನೂನಿನಲ್ಲೇ ಇದೆ. 2002ರ ಜೀವವೈವಿಧ್ಯ ಕಾಯಿದೆಯಂತೆ ಪ್ರತಿ ಗ್ರಾಮ ಪಂಚಾಯತಿಯೂ, ನಗರಸಭೆಯೂ ಜೀವವೈವಿಧ್ಯ ನಿರ್ವಹಣಾ ಸಮಿತಿಯನ್ನು ರಚಿಸಿ ಜನತಾ ಜೀವವೈವಿಧ್ಯ ದಾಖಲಾತಿಯನ್ನು ಸಿದ್ಧಪಡಿಸಬೇಕು. ಪರಿಸರ ವಿಜ್ಞಾನಿ ಮಾಧವ ಗಾಡ್ಗೀಳರು 1990ರ ದಶಕದಲ್ಲಿ ರೂಪಿಸಿದ ಕಲ್ಪನೆಯಿದು. ಅದರ ನಮೂನೆಯಲ್ಲಿ ಹಣ್ಣಿನ ಗಿಡಮರಗಳಿಗೇ ಪ್ರತ್ಯೇಕ ಪುಟವಿದೆ; ಸ್ಥಳೀಯ ಹೆಸರು, ತಳಿ, ವಿಶೇಷ ಗುಣ ಎಲ್ಲಕ್ಕೂ ಜಾಗವಿದೆ. ಹದಿನೇಳು ವರ್ಷ ಬಹುತೇಕ ಮಲಗಿದ್ದ ಈ ಕೆಲಸಕ್ಕೆ 2020ರ ಜನವರಿ ಕೊನೆಯ ಗಡುವನ್ನು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ವಿಧಿಸಿದಾಗ ದೇಶದಾದ್ಯಂತ ದಾಖಲಾತಿಗ್ರಂಥಗಳು ಅವಸರ ಅವಸರವಾಗಿ ಸಿದ್ಧವಾದವು. ಗಡುವಿಗಾಗಿ ಬರೆದ ದಾಖಲೆ ಹೇಗಿರುತ್ತದೆ ಎಂಬುದನ್ನು ಆಡಳಿತದಲ್ಲಿದ್ದ ಯಾರಿಗೂ ವಿವರಿಸಬೇಕಾಗಿಲ್ಲ. ನಾನು ತೆರೆದು ನೋಡಿದ ಒಂದು ಪಂಚಾಯತಿಯ ಪುಸ್ತಕದಲ್ಲಿ ಮಾವಿನ ಎದುರಿನ ತಳಿಯ ಕಲಮಿನಲ್ಲಿ ‘ಸ್ಥಳೀಯ’ ಎಂದು ಬರೆದಿತ್ತು. ಮಹಜರಿಗಿಂತ ಇದು ಒಂದು ಶಬ್ದ ಹೆಚ್ಚು.

ಎಲ್ಲ ಮರಗಳನ್ನೂ ಉಳಿಸಬೇಕೆಂದು ನಾನು ಹೇಳುತ್ತಿಲ್ಲ. ಕಾಟುಮಾವುಗಳಲ್ಲಿ ಅನೇಕವು ಬಾಯಿಗಿಡಲಾರದಷ್ಟು ಹುಳಿ, ನಾರು. ಅಮೆರಿಕದ ಅರ್ಥಶಾಸ್ತ್ರಜ್ಞ ಮಾರ್ಟಿನ್ ವೈಟ್ಸ್‌ಮನ್ 1998ರಲ್ಲಿ ‘ನೋವನ ನಾವೆಯ ಸಮಸ್ಯೆ’ ಎಂಬ ಪ್ರಬಂಧದಲ್ಲಿ ಈ ತೊಡಕನ್ನು ಲೆಕ್ಕಕ್ಕೆ ತಂದರು. ನಾವೆಯಲ್ಲಿ ಜಾಗ ಸೀಮಿತವಾಗಿದ್ದರೆ ಯಾವುದನ್ನು ಹತ್ತಿಸಿಕೊಳ್ಳಬೇಕು? ಅದು ಎಷ್ಟು ವಿಶಿಷ್ಟ, ನಮಗೆಷ್ಟು ಉಪಯುಕ್ತ, ಹತ್ತಿಸಿಕೊಂಡರೆ ಉಳಿಯುವ ಸಂಭವ ಎಷ್ಟು ಹೆಚ್ಚುತ್ತದೆ, ಅದಕ್ಕೆ ತಗಲುವ ಖರ್ಚೆಷ್ಟು; ಈ ನಾಲ್ಕನ್ನು ತೂಗಿ ನೋಡಬೇಕೆಂಬುದು ಅವರ ಉತ್ತರ. ಹುಲಿಯನ್ನು ಉಳಿಸಲು ಸಾವಿರಾರು ಹೆಕ್ಟೇರ್ ಬೇಕು. ಒಂದು ಹಪ್ಪಳದ ಹಲಸನ್ನು ಉಳಿಸಲು ಬೇಕಾದುದು ಪೆನ್ಸಿಲ್ ದಪ್ಪದ ನಾಲ್ಕು ಕುಡಿ, ನಾಲ್ಕು ಸಸಿ, ಪ್ಲಾಸ್ಟಿಕ್ ಪಟ್ಟಿ ಮತ್ತು ಕೈಚಳಕವುಳ್ಳ ಒಬ್ಬ ಕಸಿಗಾರ. ಇಷ್ಟು ಅಗ್ಗದ ವಿಮೆ ಬೇರೆ ಯಾವ ಆಸ್ತಿಗೂ ಸಿಗಲಾರದು. ಡಿಸೆಂಬರ್, ಜನವರಿಗಳಲ್ಲಿ ಅಕಾಲ ಮಳೆ ಬಂದು ಮಾವಿನ ಹೂವು ಉದುರುವ ವರ್ಷಗಳಲ್ಲಿ, ತಡವಾಗಿ ಹೂಬಿಡುವ ಒಂದು ಮರವಿದ್ದರೆ ಅದರ ಬೆಲೆ ತಿಳಿಯುತ್ತದೆ. ಮುಂದೆ ಯಾವ ಗುಣ ಬೇಕಾದೀತೆಂದು ಇಂದು ಯಾರೂ ಹೇಳಲಾರರು. ರಷ್ಯದ ಸಸ್ಯವಿಜ್ಞಾನಿ ವಾವಿಲೋವ್ 1929ರಲ್ಲಿ ಕಜಾಕಸ್ತಾನದ ಅಲ್ಮಾಟಿಯ ಬೆಟ್ಟಗಳಲ್ಲಿ ಕಾಡುಸೇಬುಗಳನ್ನು ಕಂಡು, ಸೇಬಿನ ತವರು ಇದೇ ಇರಬೇಕೆಂದು ಊಹಿಸಿದರು. ಆಮೇಲೆ ವಂಶವಾಹಿ ಅಧ್ಯಯನಗಳು ಅದನ್ನು ದೃಢಪಡಿಸಿದವು. ನಗರ ಬೆಳೆದಂತೆ ಆ ಕಾಡುಗಳಲ್ಲಿ ಬಹುಭಾಗ ಹೋಯಿತು. ಈಗ ರೋಗನಿರೋಧಕ ಗುಣಗಳಿಗಾಗಿ ಸೇಬಿನ ತಳಿವಿಜ್ಞಾನಿಗಳು ಹುಡುಕುವುದು ಉಳಿದ ಮರಗಳಲ್ಲಿ.

ಕಸಿಯೊಂದರಿಂದಲೇ ಎಲ್ಲವೂ ಉಳಿಯದು ಎಂಬ ಎಚ್ಚರವೂ ಬೇಕು. ಕಸಿ ಇದ್ದುದನ್ನು ಇದ್ದಂತೆ ಹಿಡಿದಿಡುತ್ತದೆ, ಹೊಸದನ್ನು ಹುಟ್ಟಿಸುವುದಿಲ್ಲ. ಎಲ್ಲರೂ ಸಿದ್ದು ಹಲಸನ್ನೇ ನೆಟ್ಟರೆ ರಬ್ಬರ್ ತೋಟದ ಅವಸ್ಥೆಯೇ ಹಲಸಿಗೂ ಬಂದೀತು. ಕುಮ್ಕಿಯಲ್ಲೋ ಹಾಡಿಯಲ್ಲೋ ಶಾಲೆಯ ಹಿಂಬದಿಯಲ್ಲೋ ಗೊರಟು ಬಿದ್ದು ತಾನಾಗಿ ಹುಟ್ಟುವುದಕ್ಕೆ ಒಂದಿಷ್ಟು ಜಾಗವನ್ನು ಬಿಡಲೇಬೇಕು.

ತುರ್ತಿನ ಕೆಲಸ ಮಾತ್ರ ಕಡಿಯಲಿರುವ ಮರಗಳದ್ದು. ಹೆದ್ದಾರಿ 66 ಚತುಷ್ಪಥವಾದಾಗ ಕಾಪುವಿನ ಇಕ್ಕೆಲದ ಮರಗಳು ಹೋದವು. ಮಲ್ಪೆ-ತೀರ್ಥಹಳ್ಳಿ ಹೆದ್ದಾರಿಯ ವಿಸ್ತರಣೆ ಮಣಿಪಾಲ, ಪರ್ಕಳಗಳನ್ನು ಹಾದಿದೆ. ಮಂಗಳೂರಿನಿಂದ ಸಾಣೂರಿನವರೆಗಿನ ಹೆದ್ದಾರಿ 169ರ ಕಾಮಗಾರಿ ಕಾರ್ಕಳವನ್ನು ಮುಟ್ಟಿದೆ. ಎಲ್ಲೂರಿನಿಂದ ಕಾಸರಗೋಡಿನತ್ತ ಹೋಗುವ 400 ಕಿಲೋವೋಲ್ಟ್ ವಿದ್ಯುತ್ ಮಾರ್ಗದ ಯೋಜನೆಯೂ ತೋಟಗಳ ಮೇಲಿನಿಂದಲೇ ಸಾಗುತ್ತದೆ. ಇವು ಬೇಡವೆಂದು ನಾನು ಹೇಳಲಾರೆ. ಆದರೆ 1976ರ ಮರಗಳ ಸಂರಕ್ಷಣಾ ಕಾಯಿದೆಯಂತೆ ಮರ ಕಡಿಯಲು ಅನುಮತಿ ಬೇಕಾದಲ್ಲೆಲ್ಲ ಅರ್ಜಿ, ಸ್ಥಳತನಿಖೆ, ಆದೇಶ ಎಂದು ಕೆಲವು ವಾರಗಳಾದರೂ ಹೋಗುತ್ತವೆ. ಕಡಿದುದರ ಬದಲಿಗೆ ಸಸಿ ನೆಡಬೇಕೆಂದೂ ಅದೇ ಕಾಯಿದೆ ಹೇಳುತ್ತದೆ. ಕಡಿದ ಮರದ್ದೇ ಕಸಿಗಿಡವನ್ನು ನೆಡಬಾರದೇಕೆ? ಮರದ ಒಡೆಯರನ್ನೋ ನೆರೆಮನೆಯ ಅಜ್ಜಿಯನ್ನೋ ಈ ಮರದ ಹಣ್ಣು ಯಾವುದಕ್ಕೆ ಒಳ್ಳೆಯದು ಎಂದು ಕೇಳಿ ಮಹಜರಿನಲ್ಲಿ ಒಂದು ಸಾಲು ಬರೆದುಕೊಳ್ಳಲು ಕಾಯಿದೆಯ ತಿದ್ದುಪಡಿ ಬೇಕಿಲ್ಲ, ಜಿಲ್ಲಾಧಿಕಾರಿಯ ಒಂದು ಸುತ್ತೋಲೆ ಸಾಕು. ಕಸಿಯ ಜ್ಞಾನ ಬ್ರಹ್ಮಾವರದ ತೋಟಗಾರಿಕಾ ಸಂಶೋಧನಾ ಕೇಂದ್ರದಲ್ಲಿದೆ, ಅಲ್ಲಿನ ಕೃಷಿ ವಿಜ್ಞಾನ ಕೇಂದ್ರದಲ್ಲಿದೆ, ಹಳ್ಳಿಯ ನರ್ಸರಿಗಳಲ್ಲೂ ಇದೆ. ವಂಶವಾಹಿ ಪರೀಕ್ಷೆ ಬೇಕೆಂದರೆ ಮಣಿಪಾಲದಲ್ಲಿ ಜೀವವಿಜ್ಞಾನದ ಶಾಲೆಯೇ ಇದೆ. ಆದರೆ ಅದು ಆಮೇಲಿನ ಮಾತು.

ಒಂದು ಅಂಶವನ್ನು ಮಾತ್ರ ಸುತ್ತೋಲೆ ಬರೆಯುವವರು ಮರೆಯಬಾರದು. ಕಸಿಗೆ ಬೇಕಾದ ಕುಡಿ ಮೂರು ನಾಲ್ಕು ತಿಂಗಳು ಬಲಿತಿರಬೇಕು. ಕತ್ತರಿಸುವ ಎಂಟು ಹತ್ತು ದಿನ ಮೊದಲೇ ಅದರ ಎಲೆಗಳನ್ನು ಸವರಿಡಬೇಕು. ಮಾವಿನ ಎಳೆ ಗೊರಟುಸಸಿಯ ಮೇಲೆ ಅದನ್ನು ಕೂಡಿಸಲು ನಮ್ಮಲ್ಲಿ ಪ್ರಶಸ್ತವಾದುದು ಜೂನ್, ಜುಲೈಯ ಮಳೆಗಾಲ. ರಸ್ತೆಯ ಗುತ್ತಿಗೆದಾರರು ಮರ ಕಡಿಯುವುದು ಸಾಮಾನ್ಯವಾಗಿ ಅದಕ್ಕೆ ಮೊದಲಿನ ಬೇಸಗೆಯಲ್ಲಿ.